ಎಬೆನೆಜರ್ ಕ್ರೋನ್: ಒಂದು ಗೆಲುವಿನ ಜಮಾ–ಖರ್ಚು

ಬೆಣ್ಣೆ ವ್ಯಾಪಾರದಲ್ಲಿ ಭಾರಿ ಹಣ ಮಾಡಿದ ಡೆನ್ಮಾರ್ಕಿನ ಲಾರ್ಸ್ ಎಮಿಲ್ ಬ್ರೂನ್ 1923ರಲ್ಲಿ ತೀರಿಕೊಂಡಾಗ ಆತನ ಉಯಿಲಿನಲ್ಲಿ ಒಂದು ವಿಚಿತ್ರ ಷರತ್ತಿತ್ತು. ತಾನು ಕೂಡಿಟ್ಟ ಸುಮಾರು 20,000 ನಾಣ್ಯ, ಪದಕ, ನೋಟುಗಳನ್ನು ನೂರು ವರ್ಷ ಮಾರಕೂಡದು. ದೇಶದ ಸರ್ಕಾರಿ ಸಂಗ್ರಹವೇನಾದರೂ ನಾಶವಾದರೆ ಇದು ಅದರ ಜಾಗಕ್ಕೆ ಹೋಗಬೇಕು. ಮೊದಲ ಮಹಾಯುದ್ಧವನ್ನು ಕಣ್ಣಾರೆ ಕಂಡವನ ಮುಂಜಾಗ್ರತೆ ಅದು. ಸರ್ಕಾರಿ ಸಂಗ್ರಹಕ್ಕೆ ಏನೂ ಆಗಲಿಲ್ಲ. ನೂರು ವರ್ಷ ತುಂಬಿದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ಮೊದಲ ಕಂತಿನ ಹರಾಜು ನಡೆಯಿತು. ರಾಜ ಹಾನ್ಸನ 1496ರ ಚಿನ್ನದ ನಾಣ್ಯವೊಂದೇ ಹನ್ನೆರಡು ಲಕ್ಷ ಯೂರೋ ತಂದಿತು. ಜಗತ್ತಿನ ಪತ್ರಿಕೆಗಳು ಆ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದವು.

ಬೆಲೆಯ ಮಾತು ಬೆಲೆಯೊಂದಿಗೆ ಮುಗಿಯುತ್ತದೆ. ಡೆನ್ಮಾರ್ಕಿನ ನಾಣ್ಯಗಳಲ್ಲಿ ನಿಜಕ್ಕೂ ಕೂತು ಓದಬೇಕಾದ್ದು ಆ ಚಿನ್ನದ ನಾಣ್ಯವಲ್ಲ, ಅದಕ್ಕಿಂತ 163 ವರ್ಷ ಕಿರಿಯದಾದ ಒಂದು ಬೆಳ್ಳಿ ನಾಣ್ಯ: ಮೂರನೆಯ ಫ್ರೆಡರಿಕ್ 1659ರಲ್ಲಿ ಟಂಕಿಸಿದ ಕ್ರೋನ್. ಸಂಗ್ರಾಹಕರು ಇದನ್ನು ‘ಎಬೆನೆಜರ್ ಕ್ರೋನ್’ ಎನ್ನುತ್ತಾರೆ. ಗೆದ್ದ ಸರ್ಕಾರವೊಂದು ತನ್ನ ಗೆಲುವನ್ನು ಹೀಗೇ ನೆನಪಿಟ್ಟುಕೊಳ್ಳಿ ಎಂದು ಜನರ ಅಂಗೈಗೆ ಹಾಕಿದ ನಾಣ್ಯ ಇದು. ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಸಂದಿರುವುದರಿಂದ, ಅದು ಹೇಳಿದ್ದೆಷ್ಟು, ನುಂಗಿದ್ದೆಷ್ಟು ಎಂದು ಲೆಕ್ಕ ನೋಡಲು ಈಗ ಯಾರ ಮುಲಾಜೂ ಬೇಕಿಲ್ಲ.

ಮೊದಲು ನಾಣ್ಯವನ್ನೇ ನೋಡೋಣ. ಒಂದು ಮುಖದಲ್ಲಿ ರಾಜನ ಮುಖವಿಲ್ಲ. ‘ಎಫ್’ ಮತ್ತು ‘3’ ಸೇರಿಸಿ ಹೆಣೆದ ಮುದ್ರೆ, ಅದರ ನೆತ್ತಿಯ ಮೇಲೊಂದು ಕಿರೀಟ. ತಿರುಗಿಸಿದರೆ ಚಿತ್ರಕಥೆ. ಕೆಳಗೊಂದು ಬಂಡೆ, ಅದರ ಮೇಲೆ ‘ಎಬೆನ್ ಎಜರ್’ ಎಂಬ ಅಕ್ಷರಗಳು. ಅಲ್ಲೊಂದು ಕಿರೀಟ, ಅದನ್ನು ಕಸಿಯಲು ಚಾಚಿದ ಒಂದು ಕೈ. ಮೋಡದೊಳಗಿಂದ ಇಳಿದ ಇನ್ನೊಂದು ಕೈ ಕತ್ತಿ ಬೀಸಿ ಆ ಕಳ್ಳಗೈಯನ್ನು ಕತ್ತರಿಸಿ ಹಾಕುತ್ತಿದೆ. ಸುತ್ತಲೂ ಲ್ಯಾಟಿನ್ನಿನಲ್ಲಿ ‘ಸೋಲಿ ದೇಯೋ ಗ್ಲೋರಿಯಾ’, ಅಂದರೆ ಕೀರ್ತಿಯೆಲ್ಲ ದೇವರೊಬ್ಬನಿಗೇ. ಜೊತೆಗೆ ತಾರೀಖು: 11 ಫೆಬ್ರುವರಿ 1659. ಎಬೆನೆಜರ್ ಎಂಬುದು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಸಮುವೇಲನು ಫಿಲಿಷ್ಟಿಯರನ್ನು ಸೋಲಿಸಿದ ಮೇಲೆ ನೆಟ್ಟ ಕಲ್ಲಿನ ಹೆಸರು, ದೇವರು ನೆರವಾದ ಜಾಗದ ಗುರುತು. ನಾಲ್ಕು ಮಾರ್ಕ್ ಬೆಲೆಯ, ಆಗಿನ ರಿಗ್ಸ್‌ಡಾಲರಿನ ಮೂರರಲ್ಲಿ ಎರಡು ಪಾಲು ಬಾಳುವ ತುಂಡಿನ ಮೇಲೆ ಇಷ್ಟು ಹಿಡಿಸಿದ ಅಚ್ಚು ಕೆತ್ತುವವನ ಕಸುಬನ್ನು ಮೆಚ್ಚಲೇಬೇಕು. ರಾಜಪ್ರಚಾರದ ಕೆಲಸವಾಗಿ ಡೆನ್ಮಾರ್ಕಿನ ಬೆಳ್ಳಿಯಲ್ಲಿ ಇದನ್ನು ಮೀರಿಸುವುದು ನಮಗೆ ಕಂಡಿಲ್ಲ.

ಆ ತಾರೀಖಿಗೆ ಮುಂಚಿನ ಎರಡು ವರ್ಷಗಳ ಸುಳಿವು ಮಾತ್ರ ನಾಣ್ಯದಲ್ಲಿ ಇಲ್ಲ. ಇಲ್ಲದಿರುವುದಕ್ಕೆ ಕಾರಣವಿದೆ. ಸ್ವೀಡನ್ನಿನ ಮೇಲೆ 1657ರಲ್ಲಿ ಯುದ್ಧ ಸಾರಿದವನು ಇದೇ ಫ್ರೆಡರಿಕ್. ಸ್ವೀಡನ್ನಿನ ಹತ್ತನೆಯ ಕಾರ್ಲ್ ಗುಸ್ತಾವ್ ಪೋಲೆಂಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಕಳೆದುಕೊಂಡ ಸೀಮೆಯನ್ನು ವಾಪಸು ಪಡೆಯಲು ಇದೇ ಸಮಯ ಎಂಬ ಎಣಿಕೆ. ಕಾರ್ಲ್ ಪೋಲೆಂಡನ್ನು ಅಲ್ಲಿಗೇ ಬಿಟ್ಟು, ಜರ್ಮನಿಯ ಉತ್ತರದಂಚಿನಿಂದ ನುಗ್ಗಿ, ಯೂಲ್ಯಾಂಡ್ ಪರ್ಯಾಯ ದ್ವೀಪವನ್ನು ಕೆಲವೇ ತಿಂಗಳಲ್ಲಿ ಹಿಡಿದುಬಿಟ್ಟ. ನಡುವೆ ಸಮುದ್ರವಿದೆ, ಶತ್ರುವಿಗೆ ಹಡಗಿಲ್ಲ ಎಂದು ರಾಜಧಾನಿ ಧೈರ್ಯವಾಗಿತ್ತು. 1658ರ ಚಳಿಗಾಲದಲ್ಲಿ ಆ ಸಮುದ್ರವೇ ಗಡ್ಡೆ ಕಟ್ಟಿತು. ಜನವರಿ 30ರಂದು ಸ್ವೀಡಿಷ್ ದಂಡು ಕುದುರೆ, ಫಿರಂಗಿ ಸಮೇತ ‘ಲಿಟಲ್ ಬೆಲ್ಟ್’ ಜಲಸಂಧಿಯ ಮೇಲೆ ನಡೆದೇ ದಾಟಿತು. ಗಡ್ಡೆ ಒಡೆದು ಎರಡು ಕುದುರೆ ತುಕಡಿಗಳು ಮುಳುಗಿಹೋದವು; ಉಳಿದವರು ನಿಲ್ಲಲಿಲ್ಲ. ಎರಿಕ್ ಡಾಲ್‌ಬೆರ್ಗ್ ಎಂಬ ಅಧಿಕಾರಿ ಮುಂದೆ ಹೋಗಿ ಗಡ್ಡೆಯ ಗಟ್ಟಿತನ ಪರೀಕ್ಷಿಸಿ ಬಂದ ಮೇಲೆ, ಅದಕ್ಕಿಂತ ಅಗಲವಾದ ‘ಗ್ರೇಟ್ ಬೆಲ್ಟ್’ ಕೂಡ ಒಂದೇ ವಾರದೊಳಗೆ ಹಿಂದೆ ಬಿತ್ತು. ಫೆಬ್ರುವರಿ 26ಕ್ಕೆ ರೋಸ್ಕಿಲ್ಡೆಯ ಒಪ್ಪಂದ. ಸ್ಕೋನೆ, ಹಾಲಂಡ್, ಬ್ಲೇಕಿಂಗೆ, ಬೋರ್ನ್‌ಹೋಮ್ ದ್ವೀಪ, ನಾರ್ವೆಯ ಬೂಹುಸ್ಲೇನ್ ಮತ್ತು ಟ್ರಾನ್‌ಹೈಮ್ ಸೀಮೆ, ಎಲ್ಲವೂ ಸ್ವೀಡನ್ನಿಗೆ. ಮಾತುಕತೆಯ ಮೇಜಿನಲ್ಲಿ ಸ್ವೀಡನ್ನಿನ ಕಡೆ ಕೂತಿದ್ದವರಲ್ಲಿ ಕಾರ್ಫಿಟ್ಸ್ ಉಲ್‌ಫೆಲ್ಟ್ ಒಬ್ಬ: ಡೆನ್ಮಾರ್ಕಿನದೇ ಮಾಜಿ ಪ್ರಭಾವಿ, ಫ್ರೆಡರಿಕನ ಮಲತಂಗಿ ಲಿಯೊನೋರಾ ಕ್ರಿಸ್ಟೀನಾಳ ಗಂಡ. ಮನೆಯ ಅಳಿಯನೇ ಮನೆ ಪಾಲು ಮಾಡಲು ಶತ್ರುವಿನ ಪಕ್ಕ ಕೂತಿದ್ದ.

ಅಷ್ಟಕ್ಕೆ ಕಾರ್ಲ್ ತೃಪ್ತನಾಗಿದ್ದರೆ ಈ ನಾಣ್ಯ ಹುಟ್ಟುತ್ತಿರಲಿಲ್ಲ. ಒಪ್ಪಂದದ ಶಾಯಿ ಒಣಗಿ ಅರ್ಧ ವರ್ಷ ಆಗುವಷ್ಟರಲ್ಲಿ, ಆಗಸ್ಟಿನಲ್ಲಿ, ಆತ ಮತ್ತೆ ಕೋರ್ಸೋರಿನಲ್ಲಿ ಇಳಿದ. ಈ ಸಲ ಬೇಕಾಗಿದ್ದು ಸೀಮೆಯಲ್ಲ, ಡೆನ್ಮಾರ್ಕೇ. ಓಡಿಹೋಗಿ ಎಂದು ಆಪ್ತರು ಹೇಳಿದಾಗ, ತಾನು ತನ್ನ ಗೂಡಿನಲ್ಲೇ ಸಾಯುತ್ತೇನೆ ಎಂದು ಫ್ರೆಡರಿಕ್ ಉತ್ತರಿಸಿದ ಎಂಬುದು ಅಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಆತ ನಿಂತದ್ದು ನಿಜ. ಆದರೆ ನಗರವನ್ನು ನಿಲ್ಲಿಸಿದ್ದು ಬರೀ ಆ ಮಾತಲ್ಲ. ಆಗಸ್ಟ್ 10ರಂದು ಆತ ಕೋಪನ್‌ಹೇಗನ್ನಿನ ಪೌರರಿಗೆ ಹಕ್ಕುಪತ್ರ ಬರೆದುಕೊಟ್ಟ: ಕುಲೀನರಿಗಿದ್ದ ಸವಲತ್ತುಗಳಲ್ಲಿ ಹಲವು ಇನ್ನು ನಿಮಗೂ ಉಂಟು, ರಾಜ್ಯದ ಆಡಳಿತದಲ್ಲಿ ನಿಮ್ಮ ಮಾತೂ ನಡೆಯುತ್ತದೆ ಎಂದು. ಮೇಯರ್ ಹಾನ್ಸ್ ನಾನ್ಸನ್ ಪೌರರನ್ನು ಗೋಡೆಯ ಮೇಲೆ ನಿಲ್ಲಿಸಿದ. ವಿಶ್ವವಿದ್ಯಾಲಯದ ಹುಡುಗರು ತಮ್ಮದೇ ತುಕಡಿ ಕಟ್ಟಿಕೊಂಡರು. ಹಡಗಿನ ಕೂಲಿಗಳು, ಕಸುಬುದಾರರು, ಹೆಂಗಸರು ಎಲ್ಲರೂ ಮಣ್ಣು ಹೊತ್ತರು. ಸೆಪ್ಟೆಂಬರಿನಲ್ಲಿ ಕ್ರೋನ್‌ಬೋರ್ಗ್ ಕೋಟೆ ಶತ್ರುವಿನ ಪಾಲಾದ ಮೇಲೆ ಊರೊಳಗೆ ಬರುವ ದಾರಿ ಸಮುದ್ರದ ಕಡೆಯಿಂದಲೂ ಕಟ್ಟಿಕೊಂಡಿತು.

ಆ ದಾರಿಯನ್ನು ತೆರೆದವರು ಡಚ್ಚರು. 1658ರ ಅಕ್ಟೋಬರ್ 29ರಂದು ಯಾಕೋಬ್ ವಾನ್ ವಾಸೆನಾರ್ ಓಬ್ದಾಮನ ಹಡಗುಪಡೆ, ಎರಡೂ ದಡದ ಕೋಟೆಗಳು ಸ್ವೀಡನ್ನಿನ ಕೈಯಲ್ಲಿದ್ದ ಊರೆಸುಂಡ್ ಜಲಸಂಧಿಯಲ್ಲಿ ನುಗ್ಗಿ, ಹೊಡೆದಾಡಿ, ಕೋಪನ್‌ಹೇಗನ್ನಿಗೆ ಸೈನಿಕರನ್ನೂ ದವಸವನ್ನೂ ಮುಟ್ಟಿಸಿತು. ವಿಟೆ ಡೆ ವಿಟ್ ಎಂಬ ಹೆಸರಾಂತ ಉಪನೌಕಾಧಿಪತಿ ಆ ದಿನ ಸತ್ತ. ಡಚ್ಚರಿಗೆ ಡೆನ್ಮಾರ್ಕಿನ ಕಿರೀಟದ ಮೇಲೇನೂ ಪ್ರೀತಿಯಿರಲಿಲ್ಲ. ಬಾಲ್ಟಿಕ್ಕಿನ ಧಾನ್ಯ, ಮರ, ಟಾರು ಎಲ್ಲ ಬರುವುದು ಆ ಒಂದು ಕಿರಿದಾದ ನೀರಿನ ಓಣಿಯಲ್ಲಿ. ಅಲ್ಲಿ ಹಾದುಹೋಗುವ ಹಡಗುಗಳಿಂದ 1429ರಿಂದಲೇ ಡೆನ್ಮಾರ್ಕ್ ಸುಂಕ ಎತ್ತುತ್ತಿತ್ತು. ಎರಡೂ ದಡ ಒಬ್ಬನೇ ಅರಸನ ಕೈಗೆ ಹೋದರೆ ಬಾಗಿಲು ಮುಚ್ಚುವುದೂ ತೆರೆಯುವುದೂ ಅವನ ಮರ್ಜಿ. ವರ್ತಕರ ರಾಷ್ಟ್ರಕ್ಕೆ ಅದು ಉಸಿರಿನ ಪ್ರಶ್ನೆ. ಹಾಗಾಗಿ ಮೋಡದಿಂದ ಇಳಿದ ಆ ಕೈಯ ತೋಳಿನಲ್ಲಿ ಆಮ್‌ಸ್ಟರ್‌ಡಾಮಿನ ಅಂಗಿ ಇತ್ತು ಎಂದರೆ ದೈವನಿಂದೆಯಾಗಲಾರದು.

ಫೆಬ್ರುವರಿ 10ರ ರಾತ್ರಿ ಕಾರ್ಲ್ ಕೊನೆಯ ದಾಳಿಗೆ ಇಳಿದ. ಮತ್ತೆ ಗಡ್ಡೆಯನ್ನೇ ನೆಚ್ಚಿಕೊಂಡಿದ್ದ. ಕಂದಕದ ನೀರು, ದಂಡೆಯ ನೀರು ಕಲ್ಲಾಗಿದ್ದವು. ಹಿಮದಲ್ಲಿ ಕಾಣದಿರಲೆಂದು ಅವನ ಸೈನಿಕರು ಮೇಲೆ ಬಿಳಿ ಅಂಗಿ ತೊಟ್ಟಿದ್ದರು ಎನ್ನುತ್ತಾರೆ. ಆದರೆ ಒಳಗಿನವರು ಒಂದು ವರ್ಷದ ಹಿಂದಿನ ಪಾಠವನ್ನು ಮರೆತಿರಲಿಲ್ಲ. ಗಡ್ಡೆ ಕಟ್ಟಿದ ಕಡೆಯೆಲ್ಲ ಗರಗಸ ಹಿಡಿದು ಕೊಯ್ಯುತ್ತಿದ್ದರು. ಕೊಯ್ದ ಕಡೆ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ಕೊಯ್ಯಬೇಕು. ಕೈಬೆರಳು ಸೆಟೆಯುವ ಚಳಿಯಲ್ಲಿ ಎದುರು ದಂಡೆಯ ಗುಂಡಿನ ಅಂತರದೊಳಗೆ ನಿಂತು ಮಾಡುವ ಕೆಲಸ. ಏಣಿ, ತೇಲುಸೇತುವೆ ಹೊತ್ತು ಬಂದವರು ಆ ತೆರೆದ ನೀರಿನ ಅಂಚಿನಲ್ಲಿ ತಡೆದು ನಿಂತರು. ಮೇಲಿನಿಂದ ಗುಂಡು, ಕಲ್ಲು, ಕುದಿಯುವ ನೀರು, ಕಾಸಿದ ಟಾರು. ಪಶ್ಚಿಮದ ಕೋಟೆಗೋಡೆಯ ಕಡೆ ಕಾದಾಟ ಬಿರುಸಾಗಿತ್ತು. ಬೆಳಗಿನ ಜಾವದ ಹೊತ್ತಿಗೆ ದಾಳಿ ಮುರಿದುಬಿತ್ತು. ಗೆಲುವಿನ ಶ್ರೇಯಸ್ಸು ಹಂಚುವಾಗ ನಮ್ಮ ಮೊದಲ ಪಾಲು ಗರಗಸದವರಿಗೆ. ಟಂಕಸಾಲೆ ಅವರಿಗೆ ಒಂದು ಗೆರೆಯನ್ನೂ ಕೊಡಲಿಲ್ಲ.

ಖರ್ಚಿನ ಪುಟ ಜಮಾದ ಪುಟಕ್ಕಿಂತ ಉದ್ದ. ಯುದ್ಧ ಆ ರಾತ್ರಿಗೆ ಮುಗಿಯಲಿಲ್ಲ. ಇನ್ನೂ ಒಂದು ವರ್ಷ ಎಳೆಯಿತು. ಡೆನ್ಮಾರ್ಕಿನ ನೆರವಿಗೆಂದು ಬಂದ ಬ್ರಾಂಡೆನ್‌ಬುರ್ಗ್, ಪೋಲೆಂಡ್ ಪಡೆಗಳು ಯೂಲ್ಯಾಂಡಿನ ಹಳ್ಳಿಗಳನ್ನು ಶತ್ರುವಿಗೇನೂ ಕಮ್ಮಿಯಿಲ್ಲದಂತೆ ಸುಲಿದವು. ಹಿಂದೆಯೇ ಸಾಂಕ್ರಾಮಿಕ ರೋಗ. 1659ರ ಮೇ ತಿಂಗಳಲ್ಲಿ ಹೇಗ್ ನಗರದಲ್ಲಿ ಇಂಗ್ಲೆಂಡ್, ಫ್ರಾನ್ಸ್, ಡಚ್ಚರು ಕೂತು ಶಾಂತಿಯ ಷರತ್ತು ತಾವೇ ನಿರ್ಧರಿಸಿದರು. ಕಾರ್ಲ್ 1660ರ ಫೆಬ್ರುವರಿಯಲ್ಲಿ ಯೋಟೆಬೋರ್ಗಿನಲ್ಲಿ ದಿಢೀರನೆ ತೀರಿಕೊಂಡ. ಮೇ 27ರ ಕೋಪನ್‌ಹೇಗನ್ ಒಪ್ಪಂದದಲ್ಲಿ ಟ್ರಾನ್‌ಹೈಮ್ ಮತ್ತು ಬೋರ್ನ್‌ಹೋಮ್ ಹಿಂದಿರುಗಿದವು. ಬೋರ್ನ್‌ಹೋಮಿನವರು 1658ರ ಡಿಸೆಂಬರಿನಲ್ಲೇ ಬಂಡೆದ್ದು ಸ್ವೀಡಿಷ್ ಅಧಿಕಾರಿಯನ್ನು ಕೊಂದು ದ್ವೀಪವನ್ನು ತಾವೇ ರಾಜನಿಗೆ ಒಪ್ಪಿಸಿದ್ದರು. ಆದರೂ ಅದಕ್ಕೆ ಬದಲಾಗಿ ಸ್ಕೋನೆಯ 18 ಜಮೀನ್ದಾರಿಕೆಗಳನ್ನು ಸ್ವೀಡನ್ನಿಗೆ ತೆರಬೇಕಾಯಿತು.

ಸ್ಕೋನೆ ಮಾತ್ರ ಬರಲೇ ಇಲ್ಲ. ಎರಡೂ ದಡ ಒಬ್ಬನ ಬಳಿ ಇರಬಾರದು ಎಂಬ ನಿಯಮ ಡೆನ್ಮಾರ್ಕಿಗೂ ಅನ್ವಯಿಸಿತು. ಕಾಪಾಡಿದವರ ಲಾಭ ಅದರಲ್ಲೇ ಇತ್ತು. ಸ್ವೀಡನ್ 1666ರಲ್ಲಿ ಲುಂಡ್ ವಿಶ್ವವಿದ್ಯಾಲಯ ಕಟ್ಟಿ ಅಲ್ಲಿನ ಪಾದ್ರಿಗಳನ್ನೂ ಅವರ ಮೂಲಕ ಮಕ್ಕಳನ್ನೂ ಸ್ವೀಡಿಷ್ ಮಾಡಲು ಹೊರಟಿತು. 1670ರ ದಶಕದ ಯುದ್ಧದಲ್ಲಿ ಡೆನ್ಮಾರ್ಕಿನ ಪರ ಕಾಡುಯುದ್ಧ ಮಾಡಿದ ‘ಸ್ನಾಪ್‌ಹಾನೆ’ ಎಂಬ ರೈತಗುಂಪುಗಳನ್ನು ಸ್ವೀಡಿಷ್ ಅಧಿಕಾರಿಗಳು ಚಿತ್ರಹಿಂಸೆ ಕೊಟ್ಟು ಕೊಂದರು. 1710ರಲ್ಲಿ ಹೆಲ್ಸಿಂಗ್‌ಬೋರ್ಗಿನಲ್ಲಿ ಸೋತ ಮೇಲೆ ಡೆನ್ಮಾರ್ಕ್ ಆ ಆಸೆಯನ್ನೇ ಬಿಟ್ಟಿತು. ಇವತ್ತು 2000ದ ಜುಲೈನಲ್ಲಿ ತೆರೆದ ಊರೆಸುಂಡ್ ಸೇತುವೆಯ ಮೇಲೆ ಅತ್ತಿಂದಿತ್ತ ಕೆಲಸಕ್ಕೆ ಓಡಾಡುವವರಿಗೆ ಇದರ ನೆನಪಿದ್ದರೂ ಹಗೆ ಇಲ್ಲ. ಆದರೆ ನಾಣ್ಯ ಹೇಳಿದ ಕಥೆಯಲ್ಲಿ ಕಿರೀಟ ಪೂರ್ತಿಯಾಗಿ ಉಳಿಯುತ್ತದೆ, ಕಳ್ಳಗೈ ಬರಿದಾಗಿ ಬೀಳುತ್ತದೆ. ನಡೆದದ್ದು ಹಾಗಲ್ಲ, ಕೈ ಸಾಕಷ್ಟು ದೊಡ್ಡ ತುಂಡನ್ನೇ ಮುರಿದುಕೊಂಡು ಹೋಗಿತ್ತು.

ಇನ್ನು ಆ ಕಿರೀಟದ ವಿಚಾರ. ನಮ್ಮ ಪ್ರಕಾರ ಈ ನಾಣ್ಯದ ಅತಿ ಮುಖ್ಯ ಮಾತು ಅಲ್ಲಿದೆ. ಶತ್ರು ಕೈ ಚಾಚಿದ್ದು ಒಂದು ನಗರದ ಮೇಲೆ. ಕೋಟೆಗೋಡೆ, ಚರ್ಚಿನ ಗೋಪುರ, ಬಂದರು ಯಾವುದನ್ನಾದರೂ ಕೆತ್ತಬಹುದಿತ್ತು. ಕೆತ್ತಿದ್ದು ಕಿರೀಟವನ್ನು. ಡೆನ್ಮಾರ್ಕಿನಲ್ಲಿ ಆಗ ಕಿರೀಟ ಎಂಬುದು ಹುಟ್ಟಿನಿಂದ ಬರುವ ಆಸ್ತಿಯಾಗಿರಲಿಲ್ಲ. ಕುಲೀನರ ರಾಜ್ಯಸಭೆ ರಾಜನನ್ನು ಆರಿಸಿ, ಪಟ್ಟಕ್ಕೆ ಮುಂಚೆ ಷರತ್ತುಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿತ್ತು. 1648ರಲ್ಲಿ ಫ್ರೆಡರಿಕ್ ಸಹಿ ಹಾಕಿದ್ದು ಅತ್ಯಂತ ಬಿಗಿಯಾದ ಪತ್ರಕ್ಕೆ. ಮುತ್ತಿಗೆ ಅವನ ಕೈಗೆ ಹೊಸ ಬಲ ಕೊಟ್ಟಿತು: ಊರಿನ ಜನ ಅವನ ಕಡೆ, ತೆರಿಗೆ ಕೊಡದ ಕುಲೀನರು ಬೇಡವಾದವರು. 1660ರ ಶರತ್ಕಾಲದಲ್ಲಿ ಕುಲೀನರು, ಪಾದ್ರಿಗಳು, ಪೌರರು ಮೂವರ ಸಭೆ ಕೋಪನ್‌ಹೇಗನ್ನಿನಲ್ಲಿ ಕೂಡಿತು. ಸಾಲ ತೀರಿಸುವುದು ಹೇಗೆ ಎಂಬ ಚರ್ಚೆ ಬೇಗನೆ ಬೇರೆ ದಾರಿ ಹಿಡಿಯಿತು. ನಾನ್ಸನ್ ಮತ್ತು ಬಿಷಪ್ ಹಾನ್ಸ್ ಸ್ವಾನೆ ಮುಂದೆ ನಿಂತು, ಕಿರೀಟ ವಂಶಪಾರಂಪರ್ಯವಾಗಲಿ ಎಂದರು. ಕುಲೀನರು ಊರು ಬಿಟ್ಟು ಹೋಗದಂತೆ ನಗರದ ಬಾಗಿಲುಗಳನ್ನು ಮುಚ್ಚಲಾಯಿತು. ಒಂದೂವರೆ ವರ್ಷದ ಹಿಂದೆ ಶತ್ರುವನ್ನು ಹೊರಗಿಟ್ಟ ಬಾಗಿಲುಗಳೇ. ಷರತ್ತುಪತ್ರ ರದ್ದಾಗಿ ರಾಜನ ಕೈಗೆ ಮರಳಿತು. ಅಕ್ಟೋಬರ್ 18ರಂದು ಎಲ್ಲರೂ ಹೊಸ ಪ್ರಮಾಣ ಮಾಡಿದರು.

ಪೌರರು ಅಂದುಕೊಂಡದ್ದು ತಮಗೂ ಪಾಲು ಸಿಗುತ್ತದೆ ಎಂದು. ಸಿಕ್ಕಿದ್ದು 1665ರ ರಾಜಶಾಸನ. ಪೀಡರ್ ಶೂಮಾಕರ್ ಬರೆದ ಆ ದಸ್ತಾವೇಜಿನ ಪ್ರಕಾರ ರಾಜನಿಗೆ ಮೇಲಿನವನು ದೇವರೊಬ್ಬನೇ. ಕಾನೂನು ಮಾಡುವುದು, ಮುರಿಯುವುದು, ತೆರಿಗೆ, ಯುದ್ಧ ಎಲ್ಲ ರಾಜನ ಇಷ್ಟ. ಅದು ಅಚ್ಚಾಗಿ ಹೊರಬಂದದ್ದು 1709ರಲ್ಲಿ. ದೇಶವನ್ನು ಆಳುತ್ತಿದ್ದ ಕಾನೂನು ಏನೆಂದು ಆಳಿಸಿಕೊಳ್ಳುವವರು ಓದಲು ನಲವತ್ತನಾಲ್ಕು ವರ್ಷ ಕಾಯಬೇಕಾಯಿತು. ‘ದೇವರೊಬ್ಬನಿಗೇ’ ಎಂಬ ನಾಣ್ಯದ ಮಾತು ಭಕ್ತಿಯಂತೆ ಕಾಣುತ್ತಿತ್ತು. ರಾಜಶಾಸನದ ಪಕ್ಕ ಇಟ್ಟು ಓದಿದರೆ, ಬೇರೆ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಎಂಬ ಅರ್ಥವೂ ಹೊರಡುತ್ತದೆ. ಉಲ್‌ಫೆಲ್ಟ್ ದೇಶ ಬಿಟ್ಟು ಓಡಿದ; ಅವನ ಹೆಂಡತಿ ಲಿಯೊನೋರಾಳನ್ನು 1663ರಿಂದ 1685ರವರೆಗೆ, ವಿಚಾರಣೆಯೇ ಇಲ್ಲದೆ, ರಾಜಧಾನಿಯ ನೀಲಿ ಗೋಪುರದಲ್ಲಿ ಕೂಡಿಹಾಕಿದರು. ಪ್ರಶ್ನಿಸುವ ಅಧಿಕಾರ ಯಾರಿಗೂ ಉಳಿದಿರಲಿಲ್ಲ. ಮಿತಿಯಿಲ್ಲದ ಆ ಆಡಳಿತ ಕಾಗದದ ಮೇಲೆ ಮುಗಿದದ್ದು 1849ರ ಜೂನ್ 5ರ ಸಂವಿಧಾನದೊಂದಿಗೆ. ಯುರೋಪಿನ ಬೇರೆ ನಿರಂಕುಶ ದೊರೆಗಳಿಗೆ ಹೋಲಿಸಿದರೆ ಡೆನ್ಮಾರ್ಕಿನವರು ರಕ್ತಪಿಪಾಸುಗಳಾಗಿರಲಿಲ್ಲ, ಆಡಳಿತವನ್ನು ಅಚ್ಚುಕಟ್ಟು ಮಾಡಿದರು ಎಂಬುದನ್ನೂ ಜಮಾದಲ್ಲಿ ಬರೆಯಬೇಕು. ಆದರೆ ಗೋಡೆಯ ಮೇಲೆ ನಿಂತವರು ಕೇಳಿದ್ದು ಅದಲ್ಲ.

ಇದೇ ರಾಜನ ಮುದ್ರೆ ನಮ್ಮ ಕಡಲತೀರದಲ್ಲೂ ಇತ್ತು. ತಂಜಾವೂರಿನ ರಘುನಾಥ ನಾಯಕನಿಂದ 1620ರಲ್ಲಿ ಪಡೆದ ತರಂಗಂಬಾಡಿಯಲ್ಲಿ ಡೇನರ ಡಾನ್ಸ್‌ಬೋರ್ಗ್ ಕೋಟೆ. ಕೋಪನ್‌ಹೇಗನ್ ಮುತ್ತಿಗೆಯಲ್ಲಿ ಒದ್ದಾಡುತ್ತಿದ್ದಾಗ ಅಲ್ಲಿ ಉಳಿದಿದ್ದ ಡೇನ್ ಒಬ್ಬನೇ: ಎಸ್ಕಿಲ್ ಆಂಡರ್ಸನ್ ಕೊಂಗ್ಸ್‌ಬಾಕೆ. ತವರಿನ ಕಂಪನಿ 1650ರಲ್ಲೇ ಮುಚ್ಚಿಹೋಗಿತ್ತು. 1655ರಿಂದ 1669ರಲ್ಲಿ ಹಡಗು ಬರುವವರೆಗೆ ಈತ ಊರಿನ ಜನರನ್ನೇ ನೆಚ್ಚಿ ಕೋಟೆ ಉಳಿಸಿಕೊಂಡ. ಅಲ್ಲಿ ಚಲಾವಣೆಗೆಂದು ಫ್ರೆಡರಿಕನ ಹೆಸರಿನಲ್ಲಿ ಬಂದ ಕಾಸುಗಳು ಬೆಳ್ಳಿಯವಲ್ಲ, ಸೀಸದವು. ಅವುಗಳ ಮೇಲೂ ‘ಎಫ್’ ಮತ್ತು ‘3’. ಅದೇ ಆಳ್ವಿಕೆ, ಅದೇ ಅಕ್ಷರ, ಮೀನು ತರಕಾರಿಗೆ ಕೊಡುವ ಪುಡಿಕಾಸು. ಆ ಕಾಸಿನಲ್ಲಿ ದೇವರ ಕೈಯೂ ಇಲ್ಲ, ಕತ್ತಿಯೂ ಇಲ್ಲ.

ಕನ್ನಡಕ್ಕೆ ತಾಕುವ ಎಳೆ ಬಂಗಾಳದ ಕಡೆಯಿಂದ ಬರುತ್ತದೆ. ಡೇನರ ಇನ್ನೊಂದು ಊರಾದ ಸೆರಾಂಪುರದಲ್ಲಿ, ಈಸ್ಟ್ ಇಂಡಿಯಾ ಕಂಪನಿ ತನ್ನ ನೆಲದಲ್ಲಿ ಮಿಷನರಿಗಳನ್ನು ಸೇರಿಸದ ಕಾಲಕ್ಕೆ, ವಿಲಿಯಂ ಕೇರಿ 1800ರಲ್ಲಿ ಬಂದು ನೆಲೆಸಿದ. ಕನ್ನಡ ವ್ಯಾಕರಣದ ಆತನ ಪುಸ್ತಕ 1817ರಲ್ಲಿ ಅಲ್ಲೇ ಅಚ್ಚಾಯಿತು. ಕನ್ನಡ ಮುದ್ರಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಅಧಿಕಾರವನ್ನು 1827ರಲ್ಲಿ ಆರನೆಯ ಫ್ರೆಡರಿಕ್ ಸನ್ನದಿನ ಮೂಲಕ ಕೊಟ್ಟ. ಯಾವ ಸಭೆಯನ್ನೂ ಕೇಳದೆ ರಾಜನೊಬ್ಬನ ಸಹಿ ಸಾಕಾದದ್ದು 1660ರಲ್ಲಿ ಹುಟ್ಟಿದ ಆ ನಿರಂಕುಶ ಅಧಿಕಾರದಿಂದಲೇ. 1845ರಲ್ಲಿ ತರಂಗಂಬಾಡಿ, ಸೆರಾಂಪುರ ಎರಡನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿದಾಗಲೂ ಆ ಸನ್ನದು ಉಳಿಯಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜುಗಳ ದೈವಶಾಸ್ತ್ರದ ಪದವಿಗಳು ಸೆರಾಂಪುರದ ಸೆನೆಟ್ಟಿನವು. ಕೆಟ್ಟ ವ್ಯವಸ್ಥೆಯಿಂದಲೂ ಒಳ್ಳೆಯ ಕಾಗದವೊಂದು ಹೊರಬರಬಹುದು. ಅದನ್ನು ಬರೆದಿಡದಿದ್ದರೆ ನಮ್ಮ ಲೆಕ್ಕವೂ ಟಂಕಸಾಲೆಯ ಲೆಕ್ಕದಂತಾಗುತ್ತದೆ.

ಕ್ರೋನ್ ಎಂಬ ಹೆಸರು ಮತ್ತೆ ಮೇಲೆ ಬಂದದ್ದು 1875ರಲ್ಲಿ, ಸ್ವೀಡನ್ನಿನೊಂದಿಗೇ ಮಾಡಿಕೊಂಡ ಹಣದ ಒಕ್ಕೂಟದ ಭಾಗವಾಗಿ. ಒಂದು ಕಾಲದಲ್ಲಿ ಕತ್ತರಿಸಿದ ಕೈಯ ದೇಶದ ನಾಣ್ಯ ತನ್ನ ನೆಲದಲ್ಲಿ ಚಲಾವಣೆಯಾಗಲಿ ಎಂದು ಡೆನ್ಮಾರ್ಕ್ ಒಪ್ಪಿಕೊಂಡಿತು. ಆ ಒಕ್ಕೂಟವನ್ನು ಮೊದಲ ಮಹಾಯುದ್ಧ ಮುರಿಯಿತು, ಬೆಳ್ಳಿ ಜೇಬುಗಳಿಂದ ಮಾಯವಾಯಿತು, ಹೆಸರು ಮಾತ್ರ ನಿಂತಿತು. 2000ದ ಸೆಪ್ಟೆಂಬರಿನ ಜನಮತದಲ್ಲಿ ಡೇನರು ಯೂರೋ ಬೇಡ, ಕ್ರೋನೇ ಇರಲಿ ಎಂದರು.

ಹಾಗಾದರೆ ನಾಣ್ಯ ಸುಳ್ಳೇ? ಪೂರ್ತಿ ಅಲ್ಲ. ನಗರ ಉಳಿದದ್ದು ನಿಜ. ಬಿದ್ದಿದ್ದರೆ ಡೆನ್ಮಾರ್ಕ್ ಎಂಬ ದೇಶ ನಕ್ಷೆಯಲ್ಲಿ ಉಳಿಯುತ್ತಿತ್ತೇ ಎಂಬುದು ಅನುಮಾನ. ಆದರೆ ಶ್ರೇಯಸ್ಸಿನ ಹಂಚಿಕೆ ತಪ್ಪು, ನಷ್ಟ ಮುಚ್ಚಿಟ್ಟದ್ದು, ಕಿರೀಟವನ್ನು ನಡುವೆ ಇಟ್ಟದ್ದು ಮುಂದಿನ ಹಂಚಿಕೆಯ ಸೂಚನೆ. ತಾರೀಖು ಒಂದು ಸರಿ, ಅದೂ ಹಳೆಯ ಜೂಲಿಯನ್ ಪಂಚಾಂಗದ್ದು. ಡೆನ್ಮಾರ್ಕ್ 1700ರಲ್ಲಿ ಪಂಚಾಂಗ ಬದಲಿಸಿದ ಲೆಕ್ಕದಲ್ಲಿ ಅದು ಫೆಬ್ರುವರಿ 21 ಆಗುತ್ತದೆ. ಇನ್ನು ಮುಂದೆ ಎಬೆನೆಜರ್ ಕ್ರೋನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ವಸ್ತುಸಂಗ್ರಹಾಲಯದವರು ಪಕ್ಕದಲ್ಲೇ ತರಂಗಂಬಾಡಿಯ ಒಂದು ಸೀಸದ ಕಾಸನ್ನೂ ಇಡಲಿ, ಕೆಳಗಿನ ಚೀಟಿಯಲ್ಲಿ ಓಬ್ದಾಮನ ಹೆಸರನ್ನೂ ಗರಗಸದವರನ್ನೂ ಬರೆಯಲಿ.